ಬಸುರಾಗುವ ಮೊದಲೇ ಸಿಗಲಿ ಫೋಲಿಕ್ ಆಮ್ಲದ ಮಾತ್ರೆ

ಮಾನ್ಯರೇ,

ರಕ್ತಹೀನತೆ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಕಬ್ಬಿಣಾಂಶದ ಬಗ್ಗೆ ಬರೆದದ್ದೆಲ್ಲ ಸರಿಯಾಗಿಯೇ ಇದೆ. ಆದರೆ ಗರ್ಭಿಣಿಯರಿಗೆ ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಎಂಬ ಜೀವಸತ್ವವೂ ಇರುತ್ತದೆ. ಅದರ ಹೆಸರು ಒಮ್ಮೆಯೂ ಬರಲಿಲ್ಲ. ಆರೋಗ್ಯ ಸಹಾಯಕಿಯಾಗಿ ಇಪ್ಪತ್ತೆಂಟು ವರ್ಷ ಹಳ್ಳಿ ಸುತ್ತಿದ ನನಗೆ ಇದು ಬೇಸರ ತಂದಿತು. ಆ ಆಮ್ಲದ ಜಾಡು ಮೊದಲು ಸಿಕ್ಕಿದ್ದೇ ನಮ್ಮ ದೇಶದ ಬಡ ಬಸುರಿಯರಿಂದ.

1928ರಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಮುಂಬೈಗೆ ಬಂದರು. ಅಲ್ಲಿ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಹೆಂಗಸರು ಬಸುರಿನಲ್ಲಿ ರಕ್ತ ಬತ್ತಿ ಸಾಯುತ್ತಿದ್ದರು. ಕಬ್ಬಿಣದ ಕೊರತೆಯಾದರೆ ಕೆಂಪು ರಕ್ತಕಣಗಳು ಸಣ್ಣಗಾಗುತ್ತವೆ. ಇವರ ರಕ್ತದಲ್ಲಿ ಕಣಗಳು ಎಣಿಕೆಯಲ್ಲಿ ಕಡಿಮೆ, ಗಾತ್ರದಲ್ಲಿ ವಿಪರೀತ ದೊಡ್ಡವು. ಸೋಂಕು ಇರಬಹುದೇ ಎಂದು ಹುಡುಕಿದರು, ಸಿಗಲಿಲ್ಲ. ಆಮೇಲೆ ಆ ಹೆಂಗಸರು ದಿನಾ ಏನು ಉಣ್ಣುತ್ತಾರೆ ಎಂದು ವಿಚಾರಿಸಿದರು. ಹಣ್ಣು, ತರಕಾರಿ, ಮಾಂಸ ಯಾವುದೂ ಸಾಲುತ್ತಿರಲಿಲ್ಲ. ಕೊನೆಗೆ ಗುಣ ಮಾಡಿದ್ದು ಮಾರ್ಮೈಟ್, ಅಂದರೆ ಬಿಯರ್ ತಯಾರಿಕೆಯಲ್ಲಿ ಉಳಿದ ಯೀಸ್ಟಿನಿಂದ ಮಾಡುವ, ಕಪ್ಪು ಲೇಹ್ಯದಂಥ ಅಗ್ಗದ ಪದಾರ್ಥ. 1931ರಲ್ಲಿ ಈ ಸಂಶೋಧನೆಯನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ಅಂಶ ಯಾವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಹತ್ತು ವರ್ಷಗಳ ನಂತರ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಕರೆದರು. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಂದಾಳು ಭೀಮವರಂನ ಯಲ್ಲಾಪ್ರಗಡ ಸುಬ್ಬರಾವ್.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಗರ್ಭ ನಿಂತ ಮೊದಲ 28 ದಿನಗಳಲ್ಲೇ ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನಾಳ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮಗುವಿಗೆ ಮೆದುಳು ಇಲ್ಲವೇ ಬೆನ್ನುಹುರಿಯ ಹುಟ್ಟುದೋಷ ಬರುತ್ತದೆ. ಮೊದಲ ಮಗುವಿಗೆ ಈ ದೋಷ ಬಂದಿದ್ದ ತಾಯಂದಿರು ಬಸುರಿಗೆ ಮುಂಚಿನಿಂದಲೇ ಫೋಲಿಕ್ ಆಮ್ಲ ಸೇವಿಸಿದರೆ, ಮುಂದಿನ ಮಗುವಿಗೆ ಅದು ಬರುವ ಅಪಾಯ ಶೇ 72ರಷ್ಟು ತಗ್ಗುತ್ತದೆ ಎಂದು 1991ರಲ್ಲೇ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ತೋರಿಸಿಕೊಟ್ಟಿತು. ನಮ್ಮಲ್ಲಿ ಆಗುವುದೇನು? ಮುಟ್ಟು ನಿಂತು ಎರಡು ಮೂರು ತಿಂಗಳಾದ ಮೇಲೆ ಹೆಣ್ಣುಮಗಳು ಬಂದು ತಾಯಿ ಕಾರ್ಡ್ ಮಾಡಿಸುತ್ತಾಳೆ. ನಾವು ಮಾತ್ರೆ ಎಣಿಸಿ ಕೊಡುವ ಹೊತ್ತಿಗೆ ಆ 28 ದಿನ ಕಳೆದುಹೋಗಿರುತ್ತದೆ. ಬೆನ್ನಿನ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ನೀರುಗುಳ್ಳೆ ಹೊತ್ತು ಹುಟ್ಟಿದ ಕೂಸೊಂದನ್ನು ನಾನೇ ಒದ್ದೆ ಬಟ್ಟೆ ಮುಚ್ಚಿ ಆಂಬ್ಯುಲೆನ್ಸ್ ಹತ್ತಿಸಿದ್ದೇನೆ. ಅದರ ಕಾಲುಗಳು ಅಲುಗುತ್ತಿರಲಿಲ್ಲ. ಮಾತ್ರೆ ಮೊದಲೇ ಸಿಕ್ಕಿದ್ದರೆ ಆ ಕೂಸು ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಆದರೆ ಆ ತಾಯಿಗೆ ಯಾರೂ ಮೊದಲೇ ಹೇಳಿರಲಿಲ್ಲ ಎಂಬುದಂತೂ ನಿಜ. ಹಾಗೆ ಹೇಳದವರಲ್ಲಿ ನಾನೂ ಒಬ್ಬಳು.

ಬಸುರಿಗೆ ಮುಂಚಿನಿಂದ ಮೊದಲ ಮೂರು ತಿಂಗಳವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕು ಎಂದು 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಮಾರ್ಗಸೂಚಿಯೇ ಹೇಳುತ್ತದೆ. ಕಾಗದದ ಮೇಲಿರುವ ಈ ಮಾತು ಹೊಸ ಸೊಸೆ ಕಾಲಿಟ್ಟ ಮನೆಗೆ ತಲುಪಬೇಕು. ಕೆಂಪು ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ ಎಂದು ಅತ್ತೆಯಂದಿರು ಅದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟುಬಿಡುತ್ತಾರೆ. ಆ ಅತ್ತೆಯಂದಿರಿಗೂ ಕೂತು ತಿಳಿಸಿ ಹೇಳಬೇಕು.

ಅಡುಗೆಯದೂ ಒಂದು ಮಾತು. ಸೊಪ್ಪಿನಲ್ಲಿರುವ ಈ ಜೀವಸತ್ವ ನೀರಿನಲ್ಲಿ ಕರಗುತ್ತದೆ, ಹೆಚ್ಚು ಬೇಯಿಸಿದರೆ ನಾಶವಾಗುತ್ತದೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಅಜ್ಜಿಯರ ಪದ್ಧತಿ ಇದಕ್ಕೆ ಬಹಳ ಒಳ್ಳೆಯದು. ಆದರೂ ಆ 400 ಮೈಕ್ರೋಗ್ರಾಂ ಮಾತ್ರೆಯ ಜಾಗವನ್ನು ಬಸ್ಸಾರು ತುಂಬಲಾರದು. ಬಿ12 ಎಂಬ ಇನ್ನೊಂದು ಜೀವಸತ್ವದ ಕೊರತೆಯಿಂದ ಬಂದ ರಕ್ತಹೀನತೆಗೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಹಾಗಾಗಿ ರಕ್ತಹೀನತೆ ಇದ್ದವರು ವೈದ್ಯರಿಗೆ ತೋರಿಸಿಯೇ ಔಷಧಿ ತೆಗೆದುಕೊಳ್ಳಲಿ.

ಮದುವೆಯ ಹಂಗಾಮು ಬರುತ್ತಿದೆ. ಹೊಸ ಮದುಮಕ್ಕಳ ಪಟ್ಟಿ ಹೇಗೂ ಆಶಾ ಕಾರ್ಯಕರ್ತೆಯರ ಬಳಿ ಇರುತ್ತದೆ. ಆ ಮನೆಗಳಿಗೆ ಮೊದಲ ಭೇಟಿಯಲ್ಲೇ ಫೋಲಿಕ್ ಆಮ್ಲದ ಮಾತ್ರೆ ಕೊಡುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮಾಡಲಿ. ತಾವೂ ಮುಂದಿನ ಲೇಖನದಲ್ಲಿ ಈ ಮಾತ್ರೆಯ ಹೆಸರು, ಪ್ರಮಾಣ ಮತ್ತು ಅದನ್ನು ಶುರು ಮಾಡಬೇಕಾದ ಸಮಯವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಆರೋಗ್ಯ ಸಹಾಯಕಿ, ಹಾಸನ ಜಿಲ್ಲೆ