ಮಗಳಿಗೊಂದು ಪತ್ರ: ನೀರಿನಲ್ಲಿ ಎಳೆದ ಗೆರೆ

ಪ್ರೀತಿಯ ಮಗಳೆ,

ನಿನ್ನೆ ರಾತ್ರಿ ಚಿಕ್ಕಪ್ಪ ಫೋನಿನಲ್ಲಿ ಆಡಿದ ಮಾತಿಗೆ ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. ಷಿಕಾಗೊದ ವುಡ್‌ಲಾನ್‌ನಲ್ಲಿ ಬಾಡಿಗೆಗೆ ಮನೆ ನೋಡಿದ್ದೇನೆ ಎಂದು ನೀನು ಹೇಳಿದೊಡನೆ, ಅದು ಕರಿಯರಿರುವ ಜಾಗ, ಆ ಕಡೆ ಕಾಲಿಡಬೇಡ ಎಂದು ಅವರು ಗದರಿಸಿದರು, ನೀನು ಒಪ್ಪಲಿಲ್ಲ. ನಿನ್ನ ಹಟ ಕಂಡು ನನಗೆ ಹೆಮ್ಮೆಯಾಯಿತು, ಆದರೆ ನಿದ್ದೆ ಬರಲಿಲ್ಲ.

ನೀನು ಮಿಷಿಗನ್ ಸರೋವರದಲ್ಲಿ ಈಜಿದ ಚಿತ್ರ ಕಳುಹಿಸಿದಾಗಿನಿಂದ ನನ್ನ ಮನಸ್ಸು 1919ರ ಜುಲೈ 27ನ್ನು ಬಿಟ್ಟು ಕದಲುತ್ತಿಲ್ಲ. ಅಂದು ಭಾನುವಾರ. ಯೂಜೀನ್ ವಿಲಿಯಮ್ಸ್ ಎಂಬ 17 ವರ್ಷದ ಕಪ್ಪು ಹುಡುಗ ಗೆಳೆಯರೊಡನೆ ತೆಪ್ಪ ಹಿಡಿದು ತೇಲುತ್ತ, ಷಿಕಾಗೊದ 29ನೇ ಬೀದಿಯ ಬಳಿ ಬಿಳಿಯರು ತಮ್ಮದೆಂದುಕೊಂಡಿದ್ದ ನೀರಿನತ್ತ ಸರಿದ. ಬಿಳಿಯನೊಬ್ಬ ಕಲ್ಲೆಸೆದ, ಹುಡುಗ ಮುಳುಗಿ ಸತ್ತ. ಎಸೆದವನನ್ನು ಜನ ತೋರಿಸಿಕೊಟ್ಟರೂ ಅಲ್ಲಿದ್ದ ಪೊಲೀಸ್ ಅವನನ್ನು ಬಂಧಿಸಲಿಲ್ಲ. ಆಮೇಲಿನ ಗಲಭೆಯಲ್ಲಿ 38 ಜನ ಸತ್ತರು. ಅವರಲ್ಲಿ 23 ಮಂದಿ ಕಪ್ಪು ಜನರು. ಆ ನೀರನ್ನು ಯಾವ ಕಾನೂನೂ ಪಾಲು ಮಾಡಿರಲಿಲ್ಲ. ಸೆಕೆಗೆ ನೀರಿಗಿಳಿದ ಮಗುವಿಗೆ ತಾನು ಎಲ್ಲಿ ಗೆರೆ ದಾಟಿದೆನೆಂದು ತಿಳಿಯುವುದಾದರೂ ಹೇಗೆ? ಸಂಜೆಯಾದರೂ ಅವನು ಮನೆಗೆ ಬಾರದಿದ್ದಾಗ ಅವನ ತಾಯಿ ಯಾರನ್ನು ಕೇಳಿರಬೇಕು? ಇದನ್ನೇ ಮತ್ತೆ ಮತ್ತೆ ಯೋಚಿಸುತ್ತೇನೆ.

ಆ ಗೆರೆ ದಡಕ್ಕೂ ಹತ್ತಿತು. ದಕ್ಷಿಣದ ರಾಜ್ಯಗಳ ಹಿಂಸೆಯಿಂದ ತಪ್ಪಿಸಿಕೊಂಡು, ಕಸಾಯಿಖಾನೆಗಳ ಮತ್ತು ಕಾರ್ಖಾನೆಗಳ ಕೂಲಿಯನ್ನು ನಂಬಿ ರೈಲು ಹತ್ತಿ ಬಂದ ಕಪ್ಪು ಕುಟುಂಬಗಳಿಗೆ ಮನೆ ಮಾರಬಾರದೆಂದು ಬಿಳಿಯ ಮಾಲೀಕರು ಕರಾರು ಬರೆದುಕೊಂಡರು. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯ ನಕ್ಷೆಗಳು ಅವರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದವು, ಅಲ್ಲಿ ಮನೆ ಸಾಲ ಸಿಗುವುದು ದುರ್ಲಭವಾಯಿತು. ನಿನ್ನ ವುಡ್‌ಲಾನ್‌ನಲ್ಲಿಯೇ 1937ರಲ್ಲಿ ಮನೆ ಕೊಂಡ ಕಾರ್ಲ್ ಹ್ಯಾನ್ಸ್‌ಬೆರಿ ಎಂಬ ಕಪ್ಪು ವ್ಯಕ್ತಿ, ಅಲ್ಲಿ ವಾಸಿಸುವ ಹಕ್ಕಿಗಾಗಿ ಸುಪ್ರೀಂ ಕೋರ್ಟಿನವರೆಗೂ ಹೋಗಿ 1940ರಲ್ಲಿ ಗೆದ್ದರು. ಇಷ್ಟೆಲ್ಲ ಆದ ಮೇಲೆ ಒಂದು ಬಡಾವಣೆ ಬಡವಾಗಿದ್ದರೆ ಅದು ಅಲ್ಲಿನ ಜನರ ಗುಣವೇ? ಊರಿನಾಚೆಗೆ ಕೇರಿಯನ್ನು ಇಟ್ಟ ನಾಡಿನವರಾದ ನಮಗೆ ಇದು ಬೇಗ ಅರ್ಥವಾಗಬೇಕಿತ್ತು. ಚಿಕ್ಕಪ್ಪನಂಥವರಿಗೆ ಅಮೆರಿಕದ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದದ್ದು ಆ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ದೇಶವನ್ನೇ ಅಲುಗಿಸಿದ ಕಾಲದಲ್ಲಿ.

ಪಾಠ ಹೇಳಬಾರದೆಂದುಕೊಂಡಿದ್ದರೂ ಹೇಳುತ್ತಿದ್ದೇನೆ: ಅಕ್ಕಪಕ್ಕದವರನ್ನು ನೀನಾಗಿಯೇ ಮಾತನಾಡಿಸು, ಹಿರಿಯರನ್ನು ಗೌರವದಿಂದ ಕಾಣು, ಬಾಡಿಗೆ ಏರಿ ಅಲ್ಲಿನ ಹಳಬರು ಮನೆ ಬಿಡುವಂತಾದರೆ ಕಣ್ಣು ಮುಚ್ಚಿಕೊಳ್ಳಬೇಡ. ಪ್ರಯೋಗಾಲಯದಲ್ಲಿ ತಡವಾದ ರಾತ್ರಿ ಒಬ್ಬಳೇ ನಡೆದು ಬರಬೇಡ. ಇದನ್ನು ನೀನು ಯಾವ ಊರಿನಲ್ಲಿದ್ದರೂ ಹೇಳುತ್ತಿದ್ದೆ.

ಮುಂಗಡ ಹಣವನ್ನು ಸೋಮವಾರ ಕಳುಹಿಸುತ್ತೇನೆ. ಚಿಕ್ಕಪ್ಪನಿಗೆ ನಾನೇ ಉತ್ತರ ಕೊಡುತ್ತೇನೆ.

ನಿನ್ನ ಅಮ್ಮ