ಲಾಟರಿ ಕೌಂಟರ್ ಮತ್ತೆ ತೆರೆಯೋದು ಬೇಡ, ಶಾಸಕರೇ

ನಮ್ಮ ಕ್ಷೇತ್ರದ ಶಾಸಕರಿಗೆ, ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಿಂದ ನಮಸ್ಕಾರ.

ಸಾಹೇಬರೇ, ನಾನು ಗಂಜಿನ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ತೊಗರಿ ಸೀಜನ್ನಿನಲ್ಲಿ ತಲೆ ಎತ್ತಲೂ ಪುರುಸೊತ್ತು ಸಿಗುವುದಿಲ್ಲ. ಉಳಿದ ದಿನ ಚಹಾ ಕುಡಿಯುತ್ತಾ ಸರ್ಕಾರ ನಡೆಸುವುದು ನಮ್ಮ ಕೆಲಸ! ಅಲ್ಲಿ ಈಗೀಗ ಒಂದು ಮಾತು ಜಾಸ್ತಿ ಕೇಳುತ್ತಿದೆ. "ಗ್ಯಾರಂಟಿಗೆ ದುಡ್ಡು ಸಾಲಲ್ಲ ಅಂತಾರೆ. ಕೇರಳದ ಹಾಗೆ ಸರ್ಕಾರವೇ ಲಾಟರಿ ನಡೆಸಿದರೆ ಆಯ್ತಲ್ಲ?" 2024ರಲ್ಲಿ ಕೇರಳದ ಓಣಂ ಬಂಪರ್ ಲಾಟರಿಯ 25 ಕೋಟಿ ನಮ್ಮ ರಾಜ್ಯದವರೊಬ್ಬರಿಗೇ ಹೊಡೆದ ಮೇಲೆ ಈ ಮಾತಿಗೆ ಕಾಲು ಬಂದಿದೆ. ಹಿಮಾಚಲ ಪ್ರದೇಶದ ಸಂಪುಟ 2025ರಲ್ಲಿ ಲಾಟರಿ ಮತ್ತೆ ಶುರು ಮಾಡಲು ಒಪ್ಪಿದೆ. ನಾಳೆ ಇದು ನಿಮ್ಮ ಮುಂದೆಯೂ ಬರಬಹುದು. ಬಂದರೆ ನೀವು ಬೇಡ ಅನ್ನಬೇಕು. ಯಾಕೆ ಅಂತ ಹೇಳಲು ಈ ಪತ್ರ.

ಮೊದಲು ಕೇರಳದ ಒಳ್ಳೆಯ ಮಾತನ್ನು ಆಡಿಬಿಡುತ್ತೇನೆ. 1967ರಲ್ಲಿ ಅಲ್ಲಿನ ಸರ್ಕಾರ ಲಾಟರಿ ಶುರು ಮಾಡಿತು. ಆಗ ಟಿಕೆಟ್‌ಗೆ ಒಂದು ರೂಪಾಯಿ, ಮೊದಲ ಬಹುಮಾನ 50,000. ಇವತ್ತಿಗೂ ಅದನ್ನು ನಡೆಸುವುದು ಸರ್ಕಾರದ್ದೇ ಇಲಾಖೆ. ತಿರುವನಂತಪುರದಲ್ಲಿ ಜನರ ಎದುರಲ್ಲೇ ನಂಬರ್ ತೆಗೆಯುತ್ತಾರೆ. ಕಾರುಣ್ಯ ಲಾಟರಿ ಹಣದಿಂದ ಬಡ ರೋಗಿಗಳಿಗೆ ನೆರವು ಸಿಕ್ಕಿದೆ. ಅಂಗವಿಕಲರು, ವಯಸ್ಸಾದವರು ಟಿಕೆಟ್ ಮಾರಿ ಬದುಕುತ್ತಾರೆ. ಇದೆಲ್ಲ ನಿಜ.

ಆದರೆ ನಾನು ಲೆಕ್ಕದವನು. ಆ ಬಂಪರ್ ಟಿಕೆಟ್‌ನ ಬೆಲೆ 500 ರೂಪಾಯಿ. ಆ ವರ್ಷ 70 ಲಕ್ಷಕ್ಕೂ ಜಾಸ್ತಿ ಟಿಕೆಟ್ ಹೋದವು. ಅಂದರೆ ಜನರ ಜೇಬಿನಿಂದ 350 ಕೋಟಿ ಹೊರಗೆ ಬಂತು. ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬಂದದ್ದು ಮಾತ್ರ ಆ 25 ಕೋಟಿ. ಅದೂ ಪೂರ್ತಿ ಕೈಗೆ ಬರುವುದಿಲ್ಲ. ಏಜೆಂಟರ ಕಮಿಷನ್ ಮುರಿಯುತ್ತಾರೆ, ಮೇಲೆ ಆದಾಯ ತೆರಿಗೆ ಶೇ 30 ಹೋಗುತ್ತೆ. ಇನ್ನು ಹೊಡೆಯುವ ಸಾಧ್ಯತೆ ನೋಡಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆ ಕೂಡಿಸಿದರೆ 2011ರ ಜನಗಣತಿಯಲ್ಲಿ ಸುಮಾರು 54 ಲಕ್ಷ ಜನ. ತೊಟ್ಟಿಲ ಕೂಸಿನಿಂದ ಹಿಡಿದು ಎಲ್ಲರ ಕೈಗೂ ಒಂದೊಂದು ಟಿಕೆಟ್ ಕೊಟ್ಟರೂ ಆ ಬಹುಮಾನ ಬೇರೆ ಊರಿಗೆ ಹೋಗಬಹುದಿತ್ತು.

ಸರ್ಕಾರಕ್ಕೆ ಉಳಿಯುವುದೂ ಜನ ಅಂದುಕೊಂಡಷ್ಟಲ್ಲ. ಮಾರಾಟದ ಮೊತ್ತವನ್ನೇ ಆದಾಯ ಅಂತ ಹೇಳಿ ಬೆರಗು ಹುಟ್ಟಿಸುತ್ತಾರೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಹುಮಾನಕ್ಕೇ ಹೋಗುತ್ತೆ. ಏಜೆಂಟರಿಗೆ ಕೊಟ್ಟು, ಅಚ್ಚು ಹಾಕಿಸಿ, ಜಾಹೀರಾತು ಕೊಟ್ಟು ಮಿಕ್ಕಿದ್ದು ಲಾಭ. ನಮ್ಮ ಗಂಜಿನಲ್ಲಿ ಯಾರಾದರೂ ವಹಿವಾಟನ್ನೇ ಲಾಭ ಅಂತ ಬರೆದರೆ ಸಾವಕಾರ ಅವತ್ತೇ ಮನೆಗೆ ಕಳಿಸುತ್ತಾನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಚಹಾ ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ.

1998ರ ಕೇಂದ್ರದ ಲಾಟರಿ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯ ಬೇರೆ ರಾಜ್ಯದ ಲಾಟರಿಯನ್ನು ತನ್ನ ಗಡಿಯೊಳಗೆ ನಿಲ್ಲಿಸಬಹುದು. 1999ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಷರತ್ತು ಹೇಳಿತು. ತಾನು ಲಾಟರಿ ನಡೆಸದ ರಾಜ್ಯಕ್ಕೆ ಮಾತ್ರ ಈ ಅಧಿಕಾರ. ನೀವೇ ಅಂಗಡಿ ಇಟ್ಟು ಪಕ್ಕದವನ ಅಂಗಡಿ ಮುಚ್ಚಿಸಲು ಆಗಲ್ಲ. 2007ರ ಏಪ್ರಿಲ್‌ನಲ್ಲಿ ಕುಮಾರಸ್ವಾಮಿಯವರ ಸರ್ಕಾರ ನಮ್ಮ ಲಾಟರಿಯನ್ನೂ ಮುಚ್ಚಿತು. ಅದಕ್ಕೇ ಹೊರಗಿನ ಲಾಟರಿಗೂ ಬಾಗಿಲು ಹಾಕಲು ಸಾಧ್ಯವಾಯಿತು. ಅದೇ ವರ್ಷ ಸಾರಾಯಿಯೂ ಬಂದ್ ಆಯಿತು. ಹಮಾಲರ ಮನೆಯ ಹೆಣ್ಣುಮಕ್ಕಳು ಅವೆರಡನ್ನೂ ಇಂದಿಗೂ ಜೊತೆಯಾಗಿಯೇ ನೆನೆಯುತ್ತಾರೆ.

ಈಗ ನೀವು ಸಣ್ಣದಾಗಿ, ಶಿಸ್ತಾಗಿ, ವಾರಕ್ಕೊಂದು ಡ್ರಾ ಅಂತಲೇ ಶುರು ಮಾಡಿ. ಮರುದಿನವೇ ನಾಗಾಲ್ಯಾಂಡ್, ಸಿಕ್ಕಿಂ ಲಾಟರಿಯವರು ಕೋರ್ಟ್ ಆದೇಶ ಹಿಡಿದು ಬರುತ್ತಾರೆ. ನಮ್ಮ ಭಾಗಕ್ಕಂತೂ ಅಷ್ಟು ದೂರ ನೋಡಬೇಕಾಗಿಲ್ಲ. ಅಫಜಲಪುರ, ಆಳಂದ ದಾಟಿದರೆ ಮಹಾರಾಷ್ಟ್ರ. ಅಲ್ಲಿ 1969ರಿಂದ ಸರ್ಕಾರಿ ಲಾಟರಿ ಇದೆ. ಈಗ ಆ ಟಿಕೆಟ್ ಇಲ್ಲಿ ಮಾರಿದರೆ ಪೊಲೀಸರು ಹಿಡಿಯಬಹುದು. ಆಮೇಲೆ ಯಾವ ಕಾನೂನಿನಲ್ಲಿ ಹಿಡಿಯುತ್ತಾರೆ? ಹೊರಗಿನ ಲಾಟರಿಗೆ ತೆರಿಗೆ ಹಾಕುವ ಹಕ್ಕು ನಮಗಿದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಸರಿ. ಆದರೆ ಆ ತೆರಿಗೆ ಕಾನೂನು 2004ರದ್ದು. ತೀರ್ಪು ಬರುವಷ್ಟರಲ್ಲಿ ಲಾಟರಿಯೇ ಮುಚ್ಚಿ 15 ವರ್ಷ ಆಗಿತ್ತು.

ಮುಚ್ಚುವ ಮೊದಲು ಗಂಜಿನಲ್ಲಿ ಏನಾಗುತ್ತಿತ್ತು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂಜೆ ಹಮಾಲಿ ಪಗಾರ ಎಣಿಸಿ ಕೊಟ್ಟರೆ ಅದು ಮನೆಗೆ ಹೋಗುವ ಮುಂಚೆ ಲಾಟರಿ ಅಂಗಡಿಗೆ ಹೋಗುತ್ತಿತ್ತು. ಬೆಳಿಗ್ಗೆ ಅದೇ ಮನುಷ್ಯ ಬಂದು ಮುಂಗಡ ಕೇಳುತ್ತಿದ್ದ. ನನ್ನ ಖಾತೆ ಪುಸ್ತಕದಲ್ಲಿ ಅಂಥ ಮುಂಗಡಗಳು ತೀರಲೇ ಇಲ್ಲ. ಈಗ ಸರ್ಕಾರ ಗೃಹಲಕ್ಷ್ಮಿ ಅಂತ ಹೆಂಡತಿಯ ಖಾತೆಗೆ ತಿಂಗಳಿಗೆ 2,000 ಹಾಕುತ್ತೆ. ಅದೇ ಸರ್ಕಾರ ಮೂಲೆಯಲ್ಲಿ ಕೌಂಟರ್ ಇಟ್ಟು ಗಂಡನಿಂದ ವಾಪಸ್ ತೆಗೆದುಕೊಂಡರೆ ಇದೆಂಥ ಯೋಜನೆ, ಹೇಳಿ?

"ಹೇಗೂ ಮಟಕಾ ಆಡ್ತಾರಲ್ಲ, ಆ ದುಡ್ಡು ಸರ್ಕಾರಕ್ಕಾದರೂ ಬರಲಿ" ಅನ್ನುವವರಿದ್ದಾರೆ. ಕೇಳಲು ಜಾಣ ಮಾತು. ಆದರೆ ಕೇರಳದಲ್ಲಿ ಆಗುತ್ತಿರುವುದೇ ಬೇರೆ. ಅಲ್ಲಿ ಸರ್ಕಾರಿ ಲಾಟರಿಯ ಕೊನೆಯ ಮೂರು ಅಂಕಿ ಹಿಡಿದು ಕಳ್ಳ ಲಾಟರಿ ಬರೆಯುತ್ತಾರೆ. ಪೊಲೀಸರು ಹಿಡಿಯುತ್ತಲೇ ಇರುತ್ತಾರೆ, ಅವರು ಬರೆಯುತ್ತಲೇ ಇರುತ್ತಾರೆ. ನಮ್ಮಲ್ಲಿ ಮಟಕಾ ಬರೆಯುವವರಿಗೆ ಸದ್ಯ ಕಲ್ಯಾಣ್, ಮುಂಬೈ ನಂಬರ್ ಇದೆ. ಅವರಿಗೆ ಬೆಂಗಳೂರಿನ ನಂಬರ್ ಒಂದನ್ನು ನಾವೇ ಕೊಟ್ಟ ಹಾಗಾಗುತ್ತೆ, ಅದೂ ಸರ್ಕಾರದ ಮುದ್ರೆ ಹಾಕಿ.

ಇನ್ನೊಂದು ತಮಾಷೆ ಇದೆ. 2025ರಲ್ಲಿ ಕೇಂದ್ರ ಸರ್ಕಾರ ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ಕಾನೂನು ತಂದು ನಿಲ್ಲಿಸಿತು. ಅದೇ ವರ್ಷ ಲಾಟರಿ ಮೇಲಿನ ಜಿಎಸ್‌ಟಿ ಶೇ 28ರಿಂದ 40 ಆಯಿತು. ಕ್ಯಾಸಿನೊ, ಕುದುರೆ ಜೂಜಿನ ಸಾಲಿನಲ್ಲೇ ಅದನ್ನು ಕೂರಿಸಿದ್ದಾರೆ. ಅಂಥದ್ದನ್ನು ನಾವು ಅಭಿವೃದ್ಧಿ ಅಂತ ಕರೆಯಬೇಕಾ?

ಆಸ್ಪತ್ರೆಗೆ ಹಣ ಬೇಕಲ್ಲ ಅಂತ ಕೇಳಿದರೆ ನಮ್ಮೂರಿನ ಜಯದೇವ ಆಸ್ಪತ್ರೆ ತೋರಿಸಿ. 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆ ಆಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ 371 ಹಾಸಿಗೆ. ಕಟ್ಟಿದ್ದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ, ಬಜೆಟ್‌ನಲ್ಲಿ ಹಕ್ಕಿನಿಂದ ಪಡೆದ ಹಣದಲ್ಲಿ. ಮಂಡಳಿಗೆ ವರ್ಷಕ್ಕೆ 5,000 ಕೋಟಿ ಅಂತ ಸರ್ಕಾರವೇ ಘೋಷಿಸಿದೆ. ಅದು ಪೂರ್ತಿ ಬಂತಾ, ಎಲ್ಲಿ ಖರ್ಚಾಯಿತು ಅಂತ ನೀವು ಸದನದಲ್ಲಿ ಕೇಳಿ. ಇನ್ನೂ ಬೇಕಾದರೆ ಇರುವವರಿಂದ ನೇರವಾಗಿ ತೆರಿಗೆ ತೆಗೆದುಕೊಳ್ಳಿ. ನಮ್ಮ ಸಾವಕಾರರು ಸ್ವಲ್ಪ ಗೊಣಗುತ್ತಾರೆ, ಆದರೆ ಕಟ್ಟುತ್ತಾರೆ.

ನಿಮ್ಮಿಂದ ನಾನು ಕೇಳುವುದು ಎರಡೇ. ಲಾಟರಿಯ ಪ್ರಸ್ತಾಪ ಬಂದರೆ ಆ 5ನೇ ಸೆಕ್ಷನ್ನನ್ನು ನಿಮ್ಮವರಿಗೆ ಓದಿ ಹೇಳಿ. ಅಧಿಕಾರಿಗಳ ಕೆಲಸ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಮಟಕಾ ಕೇಸುಗಳ ಲೆಕ್ಕ ತರಿಸಿ. ಹಿಡಿದವರಲ್ಲಿ ಚೀಟಿ ಬರೆಯುವ ಬಡವರು ಎಷ್ಟು, ಅವರ ಹಿಂದಿನ ಬುಕ್ಕಿಗಳು ಎಷ್ಟು ಅಂತ ಬೇರೆ ಬೇರೆಯಾಗಿ ಕೇಳಿ. ಉತ್ತರ ಸಿಕ್ಕರೆ ಅದನ್ನು ಪೇಪರಿಗೂ ಕೊಡಿ.

ಇಂತಿ,
ಗಂಜಿನ ಒಬ್ಬ ಲೆಕ್ಕ ಬರೆಯುವವ, ಕಲಬುರಗಿ