ಫ್ರಾಮ್ ಓದಿದ ತಮ್ಮನಿಗೆ

ತಮ್ಮಾ,

ನಿನ್ನ ಕಟ್ಟು ತಲುಪಿತು. ಕಾಗದವನ್ನು ಮೊದಲು ಓದಿದೆ, ಊರ ಜನರ ಬಗ್ಗೆ ನೀನು ಬರೆದ ಹಸ್ತಪ್ರತಿಯನ್ನು ಆಮೇಲೆ. ಸ್ಪರ್ಧೆಯಿಂದ ವಾಪಸ್ ಬಂತು, ಒಬ್ಬ ಸಂಪಾದಕರು ನಿಮ್ಮ ಭಾಗದ ಸೊಗಡು ಇನ್ನೂ ಬೇಕಿತ್ತು ಅಂದರು, ಇನ್ನೊಬ್ಬರು ಉತ್ತರವನ್ನೇ ಕೊಡಲಿಲ್ಲ, ಬರೆಯೋದು ಬಿಟ್ಟುಬಿಡಲಾ ಅಕ್ಕಾ ಅಂತ ಕೇಳಿದ್ದೀಯ. ಬಿಡಬೇಡ. ಅದಕ್ಕೆ ಇಷ್ಟೇ ಉತ್ತರ. ಪ್ರಕಾಶಕರು ಯಾರು, ಎಷ್ಟು ಪುಟ ಇರಬೇಕು, ಮುನ್ನುಡಿ ಯಾರಿಂದ ಬರೆಸಬೇಕು, ಇದನ್ನೆಲ್ಲ ಕಲಬುರಗಿಯ ಯಾವ ಪುಸ್ತಕದಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ನಾನು ಹೇಳಬೇಕಾದ್ದು ಬೇರೆ ಇದೆ.

ಸಿಟ್ಟು ಬಂದದ್ದನ್ನು ಮೊದಲು ಹೇಳಿಬಿಡುತ್ತೇನೆ. ಜರ್ಮನಿಯ ಮನೋವಿಶ್ಲೇಷಕ ಎರಿಕ್ ಫ್ರಾಮ್‌ನನ್ನು ನೀನು ಚೆನ್ನಾಗಿ ಓದಿದ್ದೀಯ, ಅದರಲ್ಲಿ ಅನುಮಾನ ಇಲ್ಲ. ನಿನ್ನ ವಯಸ್ಸಿನಲ್ಲಿ ಯಾದಗಿರಿ ಜಿಲ್ಲೆಯ ಒಂದು ಊರಲ್ಲಿ ಕೂತು ಅವನನ್ನು ಹುಡುಕಿ ಓದಿದ್ದೀಯ ಅಂತ ನನಗೆ ಖುಷಿಯೂ ಆಯಿತು. ಆದರೆ ಓದಿ ಮುಗಿಸಿದ ಕೂಡಲೇ ಊರಿನ ಜನಕ್ಕೆಲ್ಲ ಒಂದೊಂದು ಹೆಸರು ಹಚ್ಚುತ್ತಾ ಹೊರಟಿದ್ದೀಯಲ್ಲ, ಅದು ನನಗೆ ಸೇರಲಿಲ್ಲ. ಕೋಚಿಂಗ್ ಸೇರಿದ ಹುಡುಗ ಮಾರುಕಟ್ಟೆ ಸ್ವಭಾವದವನು. ಗೌಡರ ಮುಂದೆ ಚಪ್ಪಲಿ ಬಿಡುವ ಮುದುಕ ಸ್ವಾತಂತ್ರ್ಯಕ್ಕೆ ಹೆದರಿ ಓಡಿದವನು. ನಿನ್ನ ಸೋದರತ್ತೆ ಕೂಡಿಡುವ ಸ್ವಭಾವದವಳು. ಎಲ್ಲರ ರೋಗ ಗೊತ್ತಾಯಿತು, ಒಬ್ಬರ ದನಿಯೂ ನನಗೆ ಕೇಳಿಸಲಿಲ್ಲ.

ಅತ್ತೆಯ ಪುಟವನ್ನೇ ತಗೋ. ಬೆಂಗಳೂರಲ್ಲಿ ಕಟ್ಟಡದ ಕೆಲಸ ಮಾಡಿ ಊರಿಗೆ ಬಂದವಳು. ಟ್ರಂಕಿನಲ್ಲಿ ಒಂದು ನೀಲಿ ನೋಟ್‌ಬುಕ್ ಇಟ್ಟಿದ್ದಾಳೆ. ಓದು ಬರಹ ಬಾರದು. ಕೆಲಸಕ್ಕೆ ಹೋದ ದಿನಕ್ಕೊಂದು ಗೀಟು, ಅರ್ಧ ದಿನ ಆದರೆ ಗಿಡ್ಡ ಗೀಟು, ಬಟವಾಡೆ ಆದ ವಾರದ ಸುತ್ತ ಒಂದು ಗೆರೆ. ಕೆಲವು ವಾರಕ್ಕೆ ಆ ಗೆರೆಯೇ ಇಲ್ಲ. ಇಷ್ಟನ್ನು ನೀನು ಎರಡು ಸಾಲಿನಲ್ಲಿ ಬರೆದು, ಮುಂದೆ ಮೂರು ಪುಟ ಕೂಡಿಡುವ ಸ್ವಭಾವದ ಬಗ್ಗೆ ಬರೆದಿದ್ದೀಯ. ನಾನು ಆ ಎರಡು ಸಾಲಿನಲ್ಲೇ ನಿಂತುಬಿಟ್ಟೆ. ಗೆರೆ ಇಲ್ಲದ ವಾರದ ಪಗಾರ ಏನಾಯಿತು? ಮೇಸ್ತ್ರಿ ಕೊಡಲಿಲ್ಲವಾ? ಆಕೆ ಕೇಳಿದಳಾ? ಯಾರ ಎದುರಾದರೂ ಆ ನೋಟ್‌ಬುಕ್ ಬಿಚ್ಚಿ ತೋರಿಸಿದಳಾ, ಇಲ್ಲಾ ತನಗೊಬ್ಬಳಿಗೇ ಗೊತ್ತಿರಲಿ ಅಂತ ಇಟ್ಟುಕೊಂಡಳಾ? ಕೆಲಸ ಬಿಟ್ಟು ಬಂದ ಮೇಲೂ ಅದನ್ನು ಯಾಕೆ ಎಸೆದಿಲ್ಲ? ಇದ್ಯಾವುದನ್ನೂ ನೀನು ಕೇಳಿಲ್ಲ. ಯಾಕೆ ಗೊತ್ತಾ, ಉತ್ತರ ನಿನ್ನ ಕೈಯಲ್ಲಿ ಮೊದಲೇ ಇತ್ತು. ಫ್ರಾಮ್‌ನ 1947ರ 'ಮ್ಯಾನ್ ಫಾರ್ ಹಿಮ್‌ಸೆಲ್ಫ್' ಪುಸ್ತಕದಿಂದ ತಂದದ್ದು.

ಫ್ರಾಮ್ ಸ್ವತಃ ಹೀಗೆ ಕೆಲಸ ಮಾಡಿದವನಲ್ಲ, ಇದನ್ನು ನೀನು ಗಮನಿಸಬೇಕಿತ್ತು. 1929ರಲ್ಲಿ ಅವನೂ ಅವನ ಜತೆಗಾರರೂ ಫ್ರಾಂಕ್‌ಫರ್ಟ್‌ನ ಸಾಮಾಜಿಕ ಸಂಶೋಧನಾ ಸಂಸ್ಥೆಯ ಪರವಾಗಿ ಜರ್ಮನಿಯ ಕಾರ್ಮಿಕರ ಬಗ್ಗೆ ಒಂದು ಅಧ್ಯಯನ ಶುರು ಮಾಡಿದರು. ಒಟ್ಟು 271 ಪ್ರಶ್ನೆ, ಸುಮಾರು 3,300 ಜನರಿಗೆ ಹಂಚಿದರು. ಯಾವ ಪಕ್ಷಕ್ಕೆ ಓಟು ಅಂತ ಕೇಳಿದರು, ಅದು ಇದ್ದದ್ದೇ. ಅದರ ಜತೆಗೆ ಮನೆಯಲ್ಲಿ ಗೋಡೆಗೆ ಏನು ಹಾಕಿದ್ದೀರಿ, ಹೆಂಗಸರು ಕೂದಲು ಗಿಡ್ಡ ಕತ್ತರಿಸಿಕೊಳ್ಳೋದು ಹಿಡಿಸುತ್ತದಾ, ಹೆಂಡತಿ ಹೊರಗೆ ದುಡಿಯಬೇಕಾ, ಹೊಡೆಯದೆ ಮಕ್ಕಳನ್ನು ಬೆಳೆಸಬಹುದಾ, ಇತಿಹಾಸದಲ್ಲಿ ನಿಮಗೆ ದೊಡ್ಡವರು ಅಂತ ಅನ್ನಿಸುವವರು ಯಾರು ಅಂತಲೂ ಕೇಳಿದರು. ಎಷ್ಟೋ ಪ್ರಶ್ನೆಗೆ ಹೌದು, ಇಲ್ಲ ಅಂತ ಗುರುತು ಹಾಕಿ ಮುಗಿಸುವಂತಿರಲಿಲ್ಲ. ಜನ ತಮ್ಮ ಮಾತಲ್ಲೇ ಬರೆಯಬೇಕಿತ್ತು. ಆಮೇಲೆ ಆ ಮಾತನ್ನು, ಮನೋವಿಶ್ಲೇಷಕ ತನ್ನೆದುರು ಕೂತವರ ಮಾತನ್ನು ಕೇಳುವ ಹಾಗೆ, ಒಂದೊಂದಾಗಿ ಓದಿದರು. ಹೊರಗೆ ಸಮಾನತೆಯ ಪಕ್ಷದವನು, ಮನೆಯೊಳಗೆ ಹೆಂಡತಿ ಮಕ್ಕಳ ಮಾತು ಬಂದಾಗ ದೊರೆ, ಇಂಥವರು ಎಷ್ಟೋ ಜನ ಸಿಕ್ಕರು. ಹಿಟ್ಲರ್ ಬಂದಾಗ ಆ ದೊಡ್ಡ ಕಾರ್ಮಿಕ ಪಕ್ಷಗಳು ಯಾಕೆ ಗಟ್ಟಿಯಾಗಿ ಎದುರು ನಿಲ್ಲಲಿಲ್ಲ ಅನ್ನೋದಕ್ಕೆ ಒಂದು ಸುಳಿವು ಅಲ್ಲಿತ್ತು. ದೇಶ ಬಿಟ್ಟು ಓಡುವಾಗ ಎಷ್ಟೋ ಕಾಗದ ಕಳೆದುಹೋದವು, ಉಳಿದದ್ದು ಪುಸ್ತಕವಾಗಿ ಬಂದದ್ದು 1980ರಲ್ಲಿ. ಫ್ರಾಮ್ ತೀರಿಕೊಂಡದ್ದೂ ಅದೇ ವರ್ಷ.

ಆ ಅಧ್ಯಯನದ ಬಗ್ಗೆ ಓದಿದಾಗ ನನಗೆ ನಮ್ಮ ಮನೆಯ ಪಡಸಾಲೆಯೇ ಕಣ್ಣಿಗೆ ಬಂತು. ಮಹಿಳೆಯ ಸ್ವಾತಂತ್ರ್ಯದ ಬಗ್ಗೆ ಅಲ್ಲಿ ಚರ್ಚೆ ನಡೆದಿತ್ತು. ಬಂದವರೆಲ್ಲ ಓದಿದವರು, ಒಳ್ಳೆಯ ಮಾತುಗಾರರು. ಚಹಾ ಮಾಡಿದ್ದು ನಾನು, ಕಪ್ಪು ತೊಳೆದದ್ದು ನಾನು, ಚರ್ಚೆಯ ವರದಿಯಲ್ಲಿ ನನ್ನ ಹೆಸರು ಆತಿಥ್ಯಕ್ಕೆ ಧನ್ಯವಾದ ಅನ್ನುವ ಸಾಲಿನಲ್ಲಿತ್ತು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯಬೇಕು ಅಂತಲೂ ನನಗೆ ಇಲ್ಲ. ಮಾನವತಾವಾದಿ ಮನೋವಿಶ್ಲೇಷಣೆ ಅನ್ನುವ ಭಾರೀ ಹೆಸರಿನ ಹಿಂದೆ ಇರುವುದು ಇದೇ ಕೆಲಸ ಅಂತ ನನಗೆ ಅನ್ನಿಸುತ್ತದೆ: ಹೇಳುವ ಮಾತಿಗೂ ಬದುಕುವ ರೀತಿಗೂ ನಡುವೆ ಇರುವ ಸಂದಿಗೆ ಕಿವಿಗೊಟ್ಟು ಕೂರುವುದು. ಫ್ರಾಯ್ಡ್ ಆ ಸಂದಿಯಲ್ಲಿ ಕಾಮವನ್ನು ಜಾಸ್ತಿ ಕಂಡ. ಫ್ರಾಮ್ ಅಲ್ಲಿ ಒಂಟಿತನ ಕಂಡ, ಕೂಲಿ ಕಂಡ, ಅಧಿಕಾರ ಕಂಡ. ಮನುಷ್ಯರು ಹೊಟ್ಟೆಪಾಡಿಗೆ ಏನನ್ನು ಮಾಡಲೇಬೇಕೋ ಅದನ್ನೇ ಅವರು ಮನಸಾರೆ ಬಯಸುವ ಹಾಗೆ ಸಮಾಜ ಅವರನ್ನು ಒಳಗಿನಿಂದ ತಿದ್ದುತ್ತದೆ ಅಂದ. ಸಾಮಾಜಿಕ ಸ್ವಭಾವ ಅಂತ ಅವನು ಕರೆದದ್ದು ಅದನ್ನೇ. ಅದು ಬೈಗುಳ ಆಗಿರಲಿಲ್ಲ, ನಿನ್ನ ಬರಹದಲ್ಲಿ ಆಗಿದೆ.

ಮೆಕ್ಸಿಕೋದ ಹಳ್ಳಿಯ ಅಧ್ಯಯನ ನೋಡು. ಫ್ರಾಮ್ ತನ್ನ ಸಹ ಸಂಶೋಧಕ ಮೈಕಲ್ ಮ್ಯಾಕೊಬಿ ಜತೆ ಸೇರಿ 1970ರಲ್ಲಿ ಪ್ರಕಟಿಸಿದ್ದು. ದೊಡ್ಡ ಜಮೀನ್ದಾರಿ ತೋಟದಲ್ಲಿ ತಲೆತಲಾಂತರ ಆಳಾಗಿದ್ದ ಮನೆಗಳಿಗೆ ಕ್ರಾಂತಿಯ ನಂತರ ಭೂಮಿ ಸಿಕ್ಕಿತು. ಆದರೆ ಒಡೆಯ ಹೋದ ಮೇಲೂ ಎಷ್ಟೋ ಜನ ಯಾರಾದರೂ ಕೊಡಲಿ ಅಂತ ಕಾಯುವ ಸ್ವಭಾವದಲ್ಲೇ ಉಳಿದರು. ತನ್ನದೇ ತುಂಡು ಹೊಲ ಇದ್ದ ರೈತ ಕೂಡಿಡುವವನಾಗಿದ್ದ, ಅದೇ ಅವನನ್ನು ಉಳಿಸಿತ್ತು. ಹೊಲವೂ ಸಣ್ಣದು, ಮಳೆಯೂ ನಂಬಿಕೆಯದಲ್ಲ ಅಂದಮೇಲೆ ಕೂಡಿಡುವುದು ಜಾಣತನ ಅಲ್ವಾ? ನಮ್ಮಲ್ಲೂ 1949ರಲ್ಲಿ ಜಹಗೀರು ರದ್ದಾಯಿತು. ನಿನ್ನ ಆ ಚಪ್ಪಲಿ ಬಿಡುವ ಮುದುಕ ಯಾರ ವಾಡೆಯಲ್ಲಿ ದುಡಿದವನು, ಅವನಪ್ಪ ಏನು ಮಾಡುತ್ತಿದ್ದ, ಚಪ್ಪಲಿ ಬಿಡದೆ ನಿಂತವನಿಗೆ ಆ ಊರಲ್ಲಿ ಏನಾಗಿತ್ತು ಅಂತ ಕೇಳಿದ್ದರೆ ಹೆದರಿ ಓಡಿದವನು ಅಂತ ಬರೆಯಲು ನಿನ್ನ ಕೈ ತಡೆಯುತ್ತಿತ್ತು.

ಈಗ ನನ್ನ ಹಳೆಯ ಹಟಕ್ಕೆ ಬರುತ್ತೇನೆ, ಸಿಕ್ಕವರಿಗೆಲ್ಲ ಹೇಳುವುದು ಅದನ್ನೇ. 1941ರ 'ಎಸ್ಕೇಪ್ ಫ್ರಮ್ ಫ್ರೀಡಮ್' ನಿನ್ನ ಹತ್ತಿರ ಇದೆ. ಅದರಲ್ಲಿ ಒಂದು ದ್ವೀಪದ ಉದಾಹರಣೆ ಬರುತ್ತದೆ, ನೀನು ಅದನ್ನು ದಾಟಿ ಹೋಗಿದ್ದೀಯ. ನಾಳೆಯ ಹವೆ ಹೇಗಿರುತ್ತದೆ ಅಂತ ಮೂವರನ್ನು ಕೇಳುತ್ತಾರೆ. ಮೂವರೂ ರೇಡಿಯೋ ಕೇಳಿದವರೇ. ಮೀನುಗಾರ ಗಾಳಿ ನೋಡುತ್ತಾನೆ, ತೇವ ನೋಡುತ್ತಾನೆ, ರೇಡಿಯೋ ಹೇಳಿದ್ದನ್ನೂ ಅದರ ಜತೆಗಿಟ್ಟು ತೂಗಿ ತನ್ನ ಮಾತು ಹೇಳುತ್ತಾನೆ. ರಜೆಗೆ ಬಂದ ಪಟ್ಟಣದವನೊಬ್ಬ, ನನಗೆ ತಿಳಿಯದು, ರೇಡಿಯೋ ಹೀಗಂತು ಅನ್ನುತ್ತಾನೆ. ಮೂರನೆಯವನೂ ಪಟ್ಟಣದವನೇ. ಅವನು ಸ್ವಲ್ಪ ಹೊತ್ತು ಯೋಚಿಸಿದವನ ಹಾಗೆ ಇದ್ದು, ರೇಡಿಯೋ ಹೇಳಿದ್ದನ್ನೇ ತನ್ನ ಸ್ವಂತ ಅಭಿಪ್ರಾಯ ಅಂತ ಹೇಳುತ್ತಾನೆ. ಕಾರಣಗಳನ್ನೂ ಕೊಡುತ್ತಾನೆ. ಸುಳ್ಳು ಹೇಳುತ್ತಿಲ್ಲ, ಅವನು ನಿಜವಾಗಿ ನಂಬಿದ್ದಾನೆ. ತಾನು ಅದನ್ನು ಕೇಳಿಸಿಕೊಂಡಿದ್ದೆ ಅನ್ನೋದೇ ಮರೆತಿದ್ದಾನೆ.

ಬರೆಯುವವರಿಗೆ ಇದಕ್ಕಿಂತ ದೊಡ್ಡ ಅಪಾಯ ಇಲ್ಲ ತಮ್ಮಾ. ಆಳಂದ ಕಡೆ ನಮ್ಮ ತೊಗರಿ ಹೊಲ ಇದೆ. ಹೂ ಬಿಡುವ ಹೊತ್ತಿಗೆ ಮಂಜು ಕವಿದರೆ ನನ್ನ ಒಡಹುಟ್ಟಿದ ತಮ್ಮ ಬೆಳಗಾಗುವ ಮೊದಲೇ ಹೋಗಿ, ಬಗ್ಗಿ, ಬುಡದಲ್ಲಿ ಉದುರಿದ ಹೂವನ್ನು ಅಂಗೈಗೆ ತಗೊಂಡು ನೋಡುತ್ತಾನೆ. ಮೊಬೈಲ್‌ನಲ್ಲೂ ಹವೆ ನೋಡುತ್ತಾನೆ. ಎರಡನ್ನೂ ನೋಡಿದ ಮೇಲೆಯೇ ಬಾಯಿ ಬಿಡುತ್ತಾನೆ. ಒಂದು ವಾಕ್ಯ ಬರೆಯುವ ಮೊದಲು ನೀನು ಅಷ್ಟು ಮಾಡುತ್ತೀಯಾ? 'ಬಿಸಿಲ ನಾಡಿನ ಜನ ಮುಗ್ಧರು, ದೈವಕ್ಕೆ ಬೇಗ ಶರಣಾಗುವವರು' ಅಂತ ಬರೆದಿದ್ದೀಯ. ಇದನ್ನು ಯಾರು ಹೇಳಿದರು ನಿನಗೆ? ನಿನ್ನ ಓಣಿಯಲ್ಲಿ ಮುಗ್ಧರು ಎಷ್ಟು ಜನ ಇದ್ದಾರೆ, ಹೆಸರು ಹೇಳು ನೋಡೋಣ. ಇದು ಭಾಷಣದಲ್ಲಿ ಕೇಳಿದ್ದು, ಪೇಪರಲ್ಲಿ ಓದಿದ್ದು. ಮನಸ್ಸಿನೊಳಗೆ ಸುಮ್ನೆ ಕೂತಿತ್ತು, ಬರೆಯಲು ಕೂತಾಗ ನಿನ್ನದೇ ಮಾತಿನ ಹಾಗೆ ಹೊರಗೆ ಬಂತು.

ಸೊಗಡು ಕೇಳಿದ ಆ ಸಂಪಾದಕರ ವಿಷಯವೂ ಇಲ್ಲಿಗೇ ಸೇರುತ್ತದೆ. ಬಹಳ ಹಿಂದೆ ನಾನೊಂದು ಕಥೆ ಕಳಿಸಿದ್ದೆ. ಶಹಾಬಜಾರಿನಲ್ಲಿ ಅಪ್ಪನ ಮನೆಗಾಗಿ ಇಬ್ಬರು ಅಕ್ಕತಂಗಿಯರು ಮಾತು ಬಿಟ್ಟ ಕಥೆ. ವಾಪಸ್ ಬಂತು. ನಿಮ್ಮ ಕಡೆ ಬರ ಇದೆ, ಗುಳೆ ಇದೆ, ಅದನ್ನು ಬರೀರಿ, ಭಾಷೆಯೂ ಇನ್ನಷ್ಟು ಒರಟಾಗಿರಲಿ ಅಂತ ಸಲಹೆ. ನಮ್ಮಲ್ಲಿ ಅಕ್ಕತಂಗಿಯರು ಮನೆಗಾಗಿ ಜಗಳ ಆಡುವುದಿಲ್ಲ, ಬರೀ ಹಸಿಯುತ್ತಾರೆ ಅಂತ ಅವರಿಗೆ ಯಾರೋ ಹೇಳಿದ್ದರು ಅಂತ ಕಾಣುತ್ತದೆ. ನಾನು ತಿದ್ದಲಿಲ್ಲ. ಕಥೆ ಇವತ್ತಿಗೂ ಎಲ್ಲೂ ಅಚ್ಚಾಗಿಲ್ಲ, ಆ ನೋವು ಇದೆ. ಆದರೆ ನನ್ನ ಓರಗೆಯವರು ಕೆಲವರು ತಿದ್ದುತ್ತಾ ಹೋದರು. ಹೊಗಳಿಕೆ ಬಂತು, ಮಣ್ಣಿನ ವಾಸನೆ ಅಂದರು, ಮುಂದಿನ ಕಥೆಯಲ್ಲಿ ಇವರು ಮಣ್ಣನ್ನು ಇನ್ನಷ್ಟು ಜಾಸ್ತಿ ಹಾಕಿದರು. ಬಹಳ ಒಳ್ಳೆಯ ಕೈಗಳು ಹಾಗೆ ಹಾಳಾದವು. ಕೊಳ್ಳುವವನಿಗೆ ಏನು ಬೇಕೋ ನಾನು ಅದೇ, ಅಂತ ತನ್ನನ್ನೇ ಸಂತೆಗೆ ಒಯ್ಯುವ ಮನಸ್ಸನ್ನು ಫ್ರಾಮ್ ಮಾರುಕಟ್ಟೆ ಸ್ವಭಾವ ಅಂದ. ಕೋಚಿಂಗ್ ಹುಡುಗನಲ್ಲಿ ನೀನು ಅದನ್ನು ಕಂಡೆಯಲ್ಲ, ನಿನ್ನ ಮೊದಲನೇ ಅಧ್ಯಾಯದ ಸುಡು ಬಿಸಿಲು, ಬಿರಿದ ನೆಲ, ಒಣ ಜೋಳದ ರೊಟ್ಟಿ ಯಾರಿಗಾಗಿ ಬಂದಿವೆ ಅಂತಲೂ ನೋಡಿಕೋ. ನೌಕರಿಗೆ, ಸೀಟಿಗೆ ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ 371(ಜೆ) ಸರ್ಟಿಫಿಕೇಟ್ ಬೇಕು, ಹೋರಾಡಿ ಪಡೆದದ್ದು ಅದು, ಬಿಡಬಾರದು. ನಿನ್ನ ವಾಕ್ಯಕ್ಕೆ ಆ ಸರ್ಟಿಫಿಕೇಟ್ ಯಾಕೆ?

ಇನ್ನೊಂದು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪ್ರತಿ ಅಧ್ಯಾಯದ ಕೊನೆಗೆ 'ಇದನ್ನೇ ನಮ್ಮ ಶರಣರು ಎಂಟುನೂರು ವರ್ಷದ ಹಿಂದೆಯೇ ಹೇಳಿದ್ದರು' ಅಂತ ಬರೆಯುವುದನ್ನು ದಯವಿಟ್ಟು ನಿಲ್ಲಿಸು. ಹಾಗಂದ ಕೂಡಲೇ ಫ್ರಾಮ್‌ನನ್ನೂ ಓದಬೇಕಿಲ್ಲ, ಶರಣರನ್ನೂ ಓದಬೇಕಿಲ್ಲ ಅಂತ ಆಗುತ್ತದೆ. ಆಯ್ದಕ್ಕಿ ಲಕ್ಕಮ್ಮನ ಕಥೆ ಬೇಕೇ ಬೇಕು ಅಂದರೆ ಅದರಲ್ಲೇ ಸ್ವಲ್ಪ ಹೊತ್ತು ಇರು. ಗಂಡ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದಿದ್ದಾನೆ. ಹೆಂಡತಿ, ಇಷ್ಟು ಯಾಕೆ, ಹೋಗಿ ಅಲ್ಲೇ ಸುರಿದು ಬಾ ಅನ್ನುತ್ತಾಳೆ. ಆ ಅಕ್ಕಿ ಹೊತ್ತು ಮತ್ತೆ ಅದೇ ದಾರಿಯಲ್ಲಿ ಹೋಗುವಾಗ ಅವನಿಗೆ ಏನನ್ನಿಸಿರಬಹುದು? ಹೊಂದುವುದು, ಇರುವುದು ಅಂತ ಫ್ರಾಮ್ 1976ರಲ್ಲಿ ಒಂದು ಪುಸ್ತಕ ಪೂರ್ತಿ ಬರೆದ. ಅದಕ್ಕೂ ಈ ಅಕ್ಕಿಗೂ ಏನು ಸಂಬಂಧ, ಎಲ್ಲಿ ಸಂಬಂಧ ಇಲ್ಲ, ಕೂತು ಯೋಚಿಸಿದರೆ ಅದೇ ಒಂದು ಪ್ರಬಂಧ ಆಗುತ್ತದೆ.

ಫ್ರಾಮ್‌ಗೆ ಅವನ ಪ್ರಶ್ನೆ ಎಲ್ಲಿ ಸಿಕ್ಕಿತು ಗೊತ್ತಾ? 1914ರಲ್ಲಿ, ಹದಿನಾಲ್ಕು ವರ್ಷದ ಹುಡುಗನಾಗಿ, ಶಾಲೆಯಲ್ಲಿ. ಯುದ್ಧ ಶುರುವಾಯಿತು. ಶಾಂತಿ ಕಾಯಲಿಕ್ಕೇ ಆಯುಧ ಬೇಕು ಅನ್ನುತ್ತಿದ್ದ ಲ್ಯಾಟಿನ್ ಮೇಷ್ಟ್ರು ಯುದ್ಧ ಬಂದದ್ದಕ್ಕೆ ಖುಷಿಪಟ್ಟರು. ಹುಡುಗರು ಇಂಗ್ಲೆಂಡಿನ ರಾಷ್ಟ್ರಗೀತೆ ಬಾಯಿಪಾಠ ಮಾಡೋದಿಲ್ಲ ಅಂದರು. ಆಗ ಇಂಗ್ಲಿಷ್ ಮೇಷ್ಟ್ರು ಮಾತ್ರ ನಕ್ಕು, ಇಂಗ್ಲೆಂಡ್ ಇದುವರೆಗೂ ಯಾವ ಯುದ್ಧವನ್ನೂ ಸೋತಿಲ್ಲ, ಮೋಸ ಹೋಗಬೇಡಿ ಅಂದರು. ಸುತ್ತಲಿನ ದ್ವೇಷದ ಮಧ್ಯೆ ಆ ತಣ್ಣನೆಯ ಮಾತು ಹುಡುಗನ ತಲೆಯಲ್ಲಿ ಉಳಿಯಿತು. ಒಳ್ಳೆಯ ಜನರಿಗೆ ಇದ್ದಕ್ಕಿದ್ದಂತೆ ಏನಾಗುತ್ತದೆ ಅನ್ನುವ ಪ್ರಶ್ನೆಯನ್ನು ಅವನು ಕೊನೆವರೆಗೂ ಬಿಡಲಿಲ್ಲ.

ನಿನ್ನ ಹತ್ತಿರವೂ ಅಂಥದ್ದೊಂದು ಪ್ರಶ್ನೆ ಇದೆ, ನಿನಗೆ ಕಂಡಿಲ್ಲ ಅಷ್ಟೇ. ಹಳೆಯ ಊರು, ಕುಲ, ಕಸುಬಿನ ಕಟ್ಟು ಕಳಚಿಕೊಂಡ ಮನುಷ್ಯ ಒಂಟಿಯಾಗಿ, ಆ ಒಂಟಿತನ ತಾಳದೆ ಮತ್ತೆ ಯಾರಿಗೋ ಅಧೀನನಾಗುತ್ತಾನೆ ಅಂತ ಫ್ರಾಮ್ ಬರೆದ. ಅವನು ಯುರೋಪ್ ನೋಡಿ ಬರೆದದ್ದು. ಅಲ್ಲಿ ಜಾತಿ ಇರಲಿಲ್ಲ. ನಿನ್ನ ಅತ್ತೆಯ ಕಟ್ಟು ಎಲ್ಲಿ ಕಳಚಿದೆ? ಬೆಂಗಳೂರಲ್ಲಿದ್ದಾಗ ಆಕೆ ಯಾವ ಕೇರಿ ಅಂತ ಯಾರೂ ಕೇಳುತ್ತಿರಲಿಲ್ಲ, ಕೂಲಿ ತಪ್ಪಿದರೂ ಕೇಳುವವರಿರಲಿಲ್ಲ. ಜಾತ್ರೆಗೆ ಅಂತ ರೈಲು ಹತ್ತಿ ಯಾದಗಿರಿಯಲ್ಲಿ ಇಳಿದು ಊರಿನ ಬಸ್ ಹಿಡಿದರೆ, ಬಸ್ಸಿನಲ್ಲಿ ಯಾರ ಪಕ್ಕ ಕೂರಬಹುದು ಅನ್ನುವುದರಿಂದ ಎಲ್ಲ ಮತ್ತೆ ಶುರು. ಅದೇ ಹೆಂಗಸು, ಒಂದೇ ವಾರದಲ್ಲಿ, ಅಲ್ಲಿ ಒಂಟಿ, ಇಲ್ಲಿ ಬಂಧಿ. ಯಾವುದು ಆಕೆಗೆ ಜಾಸ್ತಿ ಭಾರ? ಆಕೆ ಯಾವುದನ್ನು ಆರಿಸಿಕೊಂಡಳು, ಆರಿಸಿಕೊಳ್ಳಲು ಬಿಟ್ಟರಾ? ಈ ಅಧ್ಯಾಯವನ್ನು ಫ್ರಾಮ್ ಬರೆಯಲು ಆಗುತ್ತಿರಲಿಲ್ಲ, ನಾನೂ ಬರೆಯಲಾರೆ. ನೀನು ಬರೆಯಬಹುದು, ಆಕೆ ಒಪ್ಪಿದರೆ ಮಾತ್ರ. ಮೊದಲು ಹೋಗಿ ಕೇಳು, ಬರೆದ ಮೇಲೆ ಆಕೆಗೆ ಓದಿ ಹೇಳು, ಬೇಡ ಅಂದ ಜಾಗ ತೆಗೆದುಬಿಡು. ಆಮೇಲೆ ಅದೊಂದೇ ಅಧ್ಯಾಯ ನನಗೆ ಕಳಿಸು. ಉಳಿದ ಹಸ್ತಪ್ರತಿ ನನ್ನ ಹತ್ತಿರವೇ ಇರಲಿ, ಈಗಲೇ ವಾಪಸ್ ಕೇಳಬೇಡ.

ನಿನ್ನ ಅಕ್ಕ,
ಕಲಬುರಗಿ